ಮೊದಲು ಹಿಂಬದಿ ನೋಡಿ: ಹಳೆಯ ನಗರಚಿತ್ರದ ಹಾಳೆಯನ್ನು ಪರೀಕ್ಷಿಸುವುದು, ಓದುವುದು, ಕಾಪಾಡುವುದು

ಕೆಲವು ವರ್ಷಗಳ ಹಿಂದೆ 12,000 ರೂಪಾಯಿ ಕೊಟ್ಟು ಒಂದು ಚಿತ್ರ ತಂದೆ. ಕಲ್ಲಿಕೋಟೆ ಬಂದರಿನ ನೋಟ. ತುಂಬ ಹಡಗುಗಳು, ದಡದಲ್ಲಿ ಹಡಗು ಕಟ್ಟುತ್ತಿರುವ ಜನ, ಬಲೆ ಎಳೆಯುತ್ತಿರುವ ಬೆಸ್ತರು, ಮೇಲೆ ಲ್ಯಾಟಿನ್ ಅಕ್ಷರ. ಮಾರಿದವರು "1572ರದ್ದು ಸಾರ್, ಅಸಲಿ ಮಾಲು" ಅಂದರು. ಒಳ್ಳೆಯ ತೇಗದ ಫ್ರೇಮು, ಮೇಲೆ ಗಾಜು, ಹಿಂದೆ ಕಂದು ಕಾಗದ ಅಂಟಿಸಿ ಭದ್ರ ಮಾಡಿದ್ದರು. ಬಿಚ್ಚಿ ತೋರಿಸಿ ಅಂತ ಕೇಳಲು ನನಗೆ ಸಂಕೋಚ.

ಎರಡು ಮಳೆಗಾಲ ಕಳೆದ ಮೇಲೆ ಗಾಜಿನೊಳಗೆ ಬೂಷ್ಟು ಕಾಣಿಸಿತು. ಫ್ರೇಮು ಬಿಚ್ಚಿದೆ. ಹಾಳೆ ತಿರುಗಿಸಿದೆ. ಹಿಂಬದಿ ಖಾಲಿ! ನುಣ್ಣಗೆ, ಬೆಳ್ಳಗೆ, ಮೊನ್ನೆ ತಂದ ಡ್ರಾಯಿಂಗ್ ಶೀಟಿನ ಹಾಗೆ. 1572ರ ಹಾಳೆಯಾಗಿದ್ದರೆ ಅಲ್ಲಿ ಲ್ಯಾಟಿನ್ ಬರಹ ಅಚ್ಚಾಗಿರಬೇಕಿತ್ತು.

ಆಮೇಲೆ ನಾನು ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಉದಾಹರಣೆಗೆ ಆ ಕಲ್ಲಿಕೋಟೆ ಚಿತ್ರ ಇರುವ ಪುಸ್ತಕವನ್ನೇ ಇಟ್ಟುಕೊಳ್ಳೋಣ. ಈ ಜಾತಿಯ ಪುಸ್ತಕಗಳಿಗೆಲ್ಲ ಅದೇ ಹಿರಿಯಣ್ಣ.

ಹೆಜ್ಜೆ 1: ಪುಸ್ತಕದ ಜಾತಕ ತಿಳಿದುಕೊಳ್ಳಿ

ಪುಸ್ತಕದ ಹೆಸರು 'ಸಿವಿಟಾಟೆಸ್ ಆರ್ಬಿಸ್ ಟೆರಾರುಮ್'. ಲೋಕದ ನಗರಗಳು ಅಂತ ಅರ್ಥ. ಮೊದಲ ಸಂಪುಟ 1572ರಲ್ಲಿ ಜರ್ಮನಿಯ ಕೊಲೋನ್ ನಗರದಲ್ಲಿ ಬಂತು. ಆರನೆಯದು, ಅಂದರೆ ಕೊನೆಯದು, ಬಂದದ್ದು 1617ರಲ್ಲಿ. ಒಟ್ಟು 546 ನೋಟಗಳು. ಸಂಪಾದಕ ಗೆಯೋರ್ಗ್ ಬ್ರೌನ್ ಒಬ್ಬ ಪಾದ್ರಿ. ಕೆತ್ತನೆಯ ಹೊಣೆ ಫ್ರಾನ್ಸ್ ಹೊಗೆನ್‌ಬರ್ಗ್‌ನದು. ಹೊಗೆನ್‌ಬರ್ಗ್ 1590ರಲ್ಲೇ ತೀರಿಕೊಂಡ, ಕೊನೆಯ ಸಂಪುಟ ಅವನು ನೋಡಲಿಲ್ಲ. ಸ್ಪೇನ್, ಫ್ರಾನ್ಸ್ ಕಡೆಯ ಎಷ್ಟೋ ಚಿತ್ರಗಳಿಗೆ ಮೂಲ ರೇಖಾಚಿತ್ರ ಬರೆದವನು ಊರೂರು ಸುತ್ತಿದ ಆಂಟ್‌ವರ್ಪಿನ ಯೋರಿಸ್ ಹೂಫ್‌ನಾಗೆಲ್.

ಇದಕ್ಕೆ ಎರಡು ವರ್ಷ ಮೊದಲು, 1570ರಲ್ಲಿ, ಅಬ್ರಹಾಂ ಒರ್ಟೆಲಿಯಸ್‌ನ ದೇಶನಕ್ಷೆಗಳ ಪುಸ್ತಕ ಬಂದಿತ್ತು. ಅದರ ಅಚ್ಚಿನ ಎಷ್ಟೋ ತಾಮ್ರದ ತಗಡುಗಳನ್ನು ಕೆತ್ತಿದ್ದೂ ಇದೇ ಹೊಗೆನ್‌ಬರ್ಗ್. ಅದು ದೇಶಗಳಿಗೆ, ಇದು ಊರುಗಳಿಗೆ. ಜೋಡಿ ಪುಸ್ತಕ ಅಂದರೂ ನಡೆಯುತ್ತದೆ.

ಈ ಜಾತಕ ಯಾಕೆ ಬೇಕು? ಅಂಗಡಿಯವರು ಹೇಳುವ ಇಸವಿಯನ್ನು ಸುಮ್ನೆ ನಂಬಬಾರದು ಅಂತ. ತಾಮ್ರದ ತಗಡು ಒಮ್ಮೆ ಕೆತ್ತಿದರೆ ಹತ್ತಾರು ವರ್ಷ ಅಚ್ಚಿಗೆ ಬರುತ್ತದೆ. ಈ ತಗಡುಗಳು ಆಮೇಲೆ ಆಮ್‌ಸ್ಟರ್‌ಡ್ಯಾಮಿನ ಯಾನ್ ಯಾನ್ಸೋನಿಯಸ್ ಕೈಗೆ ಹೋದವು. ಅವನು 1657ರಲ್ಲಿ ತನ್ನದೇ ನಗರಪುಸ್ತಕ ಹೊರಡಿಸಿದ. ಅಷ್ಟು ಹೊತ್ತಿಗೆ ಚಿತ್ರದಲ್ಲಿದ್ದ ಜನರ ಉಡುಪು ಹಳೆಯ ಫ್ಯಾಷನ್ ಆಗಿತ್ತು. ಹಾಗಾಗಿ ಕೆಲವು ತಗಡುಗಳಿಂದ ಆ ಜನರನ್ನೇ ಉಜ್ಜಿ ತೆಗೆದರು. ಅಂದರೆ ಒಂದೇ ತಗಡಿನ ಎರಡು ಹಾಳೆಗಳ ನಡುವೆ 80 ವರ್ಷ ಅಂತರ ಇರಬಹುದು. ಎರಡೂ ಅಸಲಿಯೇ.

ಹೆಜ್ಜೆ 2: ಸಾಮಾನು ಜೋಡಿಸಿಕೊಳ್ಳಿ

ಜಾಸ್ತಿ ಏನೂ ಬೇಡ. ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಹತ್ತುಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಒಂದು. ಒಂದು ಸಣ್ಣ ಟಾರ್ಚ್. ಸ್ಕೇಲು ಬದಲು ಬಟ್ಟೆಯ ಅಳತೆಪಟ್ಟಿ, ಕಾಗದಕ್ಕೆ ಗೀರು ಬೀಳಬಾರದು. ಪೆನ್ಸಿಲ್ ಇರಲಿ, ಪೆನ್ ಆ ಮೇಜಿನ ಹತ್ತಿರವೂ ಬೇಡ.

ಬಿಳಿ ಗ್ಲೌಸ್ ಹಾಕಿಕೊಳ್ಳಬೇಕು ಅಂತ ಸಿನಿಮಾಗಳಲ್ಲಿ ತೋರಿಸುತ್ತಾರೆ. ಕಾಗದಕ್ಕೆ ಅದು ಒಳ್ಳೆಯದಲ್ಲ. ಬೆರಳಿಗೆ ಸ್ಪರ್ಶ ಗೊತ್ತಾಗುವುದಿಲ್ಲ, ಅಂಚು ಹರಿಯುತ್ತದೆ. ಸೋಪಿನಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು.

ಹೆಜ್ಜೆ 3: ತಿರುಗಿಸಿ ನೋಡಿ

ಫ್ರೇಮಿನಲ್ಲಿದ್ದರೆ ಬಿಚ್ಚಲು ಕೇಳಿ. "ಬಿಚ್ಚಿದರೆ ಹಾಳಾಗುತ್ತದೆ" ಅಂದರೆ ನಮಸ್ಕಾರ ಹೇಳಿ ಹೊರಡಿ. ನಾನು ಅಂದು ಮಾಡಬೇಕಾಗಿದ್ದೂ ಅಷ್ಟೇ.

ಹಿಂಬದಿಯಲ್ಲಿ ಮೊದಲು ಬರಹ ಇದೆಯಾ ನೋಡಿ. ಈ ಪುಸ್ತಕದಲ್ಲಿ ಪ್ರತಿ ಜೋಡಿಪುಟದ ಚಿತ್ರದ ಬೆನ್ನಿಗೆ ಆ ಊರಿನ ವರ್ಣನೆ ಅಚ್ಚಾಗಿರುತ್ತದೆ. ಲ್ಯಾಟಿನ್ ಮಾತ್ರ ಅಲ್ಲ, ಜರ್ಮನ್ ಮತ್ತು ಫ್ರೆಂಚ್ ಆವೃತ್ತಿಗಳೂ ಬಂದವು. ಯಾವ ಭಾಷೆ, ಯಾವ ಪುಟಸಂಖ್ಯೆ ಅನ್ನುವುದರಿಂದಲೇ ಹಾಳೆ ಯಾವ ಆವೃತ್ತಿಯದು ಅಂತ ಹತ್ತಿರ ಹತ್ತಿರ ಗುರುತಿಸಬಹುದು. ಹಿಂಬದಿ ಖಾಲಿ ಇದ್ದ ಮಾತ್ರಕ್ಕೆ ನಕಲಿ ಅನ್ನಲಾಗದು, ತಗಡುಗಳು ಕೈ ಬದಲಿಸಿದ ಮೇಲೆ ಬರಹವಿಲ್ಲದೆ ಒತ್ತಿದ ಹಾಳೆಗಳೂ ಇವೆ. ಆದರೆ ಹಿಂಬದಿ ಖಾಲಿ ಇಟ್ಟುಕೊಂಡು '1572' ಅಂದರೆ ಮಾತಿಗೂ ಮಾಲಿಗೂ ತಾಳೆಯಾಗುವುದಿಲ್ಲ.

ಆಮೇಲೆ ನಡುಮಡಿಕೆ. ಇವು ಮಧ್ಯಕ್ಕೆ ಮಡಚಿ ಪುಸ್ತಕಕ್ಕೆ ಹೊಲಿದ ಹಾಳೆಗಳು. ಮಡಿಕೆಯ ಬೆನ್ನಿಗೆ ಕಾಗದದ ಪಟ್ಟಿ ಅಂಟಿಸಿದ್ದ ಗುರುತು, ಒಣಗಿದ ಗೋಂದು, ಕೆಲವೊಮ್ಮೆ ಪಟ್ಟಿಯ ಚೂರೇ ಸಿಗುತ್ತದೆ. ಮಡಿಕೆಯೇ ಇಲ್ಲದ ಹಾಳೆ ನೇರ ಗೋಡೆಗಾಗಿ ಹುಟ್ಟಿದ್ದಿರಬಹುದು, ಅನುಮಾನ ಇಟ್ಟುಕೊಳ್ಳಿ.

ಮೂರನೆಯದು ನನಗೆ ತುಂಬ ಇಷ್ಟದ ಗುರುತು. ಹಸಿರು. ಆ ಕಾಲದಲ್ಲಿ ಚಿತ್ರ ಕಪ್ಪು ಮಸಿಯಲ್ಲಿ ಅಚ್ಚಾಗುತ್ತಿತ್ತು. ಬಣ್ಣ ಆಮೇಲೆ ಕೈಯಿಂದ ಬಳಿಯುತ್ತಿದ್ದರು. ಗದ್ದೆ, ಗುಡ್ಡ, ಮರಗಳಿಗೆ ಬಳಿಯುತ್ತಿದ್ದ ಹಸಿರು ತಾಮ್ರದ ಕಿಲುಬಿನಿಂದ ಮಾಡಿದ್ದು. ಹಿತ್ತಾಳೆ ಬಿಂದಿಗೆಯ ಸಂದಿಯಲ್ಲಿ ಹಸಿರು ಕಟ್ಟುತ್ತದಲ್ಲ, ಆ ಜಾತಿಯದು. ಈ ಕಿಲುಬು ನೂರಾರು ವರ್ಷ ಕಾಗದವನ್ನು ನಿಧಾನವಾಗಿ ತಿನ್ನುತ್ತಾ ಹೋಗುತ್ತದೆ. ಮುಂದೆ ಹಸಿರು ಗುಡ್ಡ ಇರುವ ಕಡೆಯೇ ಹಿಂದೆ ಕಂದು ಕಲೆ ಕಾಣುತ್ತದೆ. ಹಾಳೆ ತಿರುಗಿಸಿದಾಗ ಊರಿನ ಗದ್ದೆಗಳೆಲ್ಲ ಕಂದು ನೆರಳಾಗಿ ಮೂಡಿದ್ದರೆ ಬಣ್ಣ ಬಹಳ ಹಳೆಯದು ಅನ್ನಬಹುದು. ಮುಂದೆ ಎದ್ದು ಹೊಡೆಯುವ ಹಸಿರು, ಹಿಂದೆ ಏನೇನೂ ಇಲ್ಲ ಅಂದರೆ ಬಣ್ಣ ಇತ್ತೀಚಿನದಿರಬಹುದು. ಹಾಳೆ ಅಸಲಿಯಾಗಿದ್ದು ಬಣ್ಣ ಮಾತ್ರ ಹೊಸದಾಗಿರುವುದು ಈ ವ್ಯಾಪಾರದಲ್ಲಿ ಮಾಮೂಲು. ತಪ್ಪೇನಿಲ್ಲ, ಹೇಳಿ ಮಾರಬೇಕು ಅಷ್ಟೇ.

ಹೆಜ್ಜೆ 4: ಬೆಳಕಿಗೆ ಹಿಡಿಯಿರಿ

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಕಾಗದದ ಒಡಲು ಕಾಣುತ್ತದೆ. ಆಗಿನ ಕಾಗದ ಮರದ್ದಲ್ಲ, ಚಿಂದಿ ಬಟ್ಟೆಯದು. ನಾರಿನ ಗಂಜಿಯನ್ನು ತಂತಿ ಜರಡಿಯಲ್ಲಿ ಎತ್ತಿ ಹಾಳೆ ಮಾಡುತ್ತಿದ್ದರು. ಆ ತಂತಿಗಳ ಗುರುತು ಕಾಗದದಲ್ಲೇ ಉಳಿದಿರುತ್ತದೆ: ಒತ್ತೊತ್ತಾಗಿ ಸಣ್ಣ ಗೆರೆಗಳು, ಅವಕ್ಕೆ ಅಡ್ಡಲಾಗಿ ಒಂದಿಂಚಿನಷ್ಟು ದೂರ ದೂರಕ್ಕೆ ದಪ್ಪ ಗೆರೆಗಳು. ಎಲ್ಲೋ ಒಂದು ಕಡೆ ವಾಟರ್‌ಮಾರ್ಕ್ ಸಿಗಬಹುದು. ನೋಟು ಬೆಳಕಿಗೆ ಹಿಡಿದರೆ ಗಾಂಧಿ ಕಾಣುತ್ತಾರಲ್ಲ, ಹಾಗೆ.

ಗೆರೆಗಳೇ ಇಲ್ಲದೆ ಮೋಡದ ಹಾಗೆ ಒಂದೇ ಸಮ ಕಂಡರೆ ಎಚ್ಚರ. ನುಣುಪು ಜರಡಿಯ ಅಂಥ ಕಾಗದ ಯುರೋಪಿನಲ್ಲಿ ಪುಸ್ತಕಕ್ಕೆ ಬಂದದ್ದೇ 1750ರ ದಶಕದಲ್ಲಿ. 16ನೇ ಶತಮಾನದ ಚಿತ್ರ ಅದರ ಮೇಲೆ ಇರಲು ಸಾಧ್ಯವಿಲ್ಲ.

ಹೆಜ್ಜೆ 5: ಈಗ ಮುಂಬದಿಗೆ ಬನ್ನಿ

ಚಿತ್ರದ ಗಡಿಯಿಂದ ಸ್ವಲ್ಪ ಹೊರಗೆ ಸುತ್ತಲೂ ಒಂದು ತಗ್ಗು ಗೆರೆ ಇರಬೇಕು. ಅಕ್ಕಿರೊಟ್ಟಿಯ ಮೇಲೆ ತಟ್ಟೆ ಒತ್ತಿದರೆ ಅಂಚಿನ ಗುರುತು ಮೂಡುವ ಹಾಗೆ. ಒದ್ದೆ ಮಾಡಿದ ಕಾಗದವನ್ನು ತಾಮ್ರದ ತಗಡಿನ ಮೇಲಿಟ್ಟು ಉರುಳೆ ಯಂತ್ರದಲ್ಲಿ ಒತ್ತಿದಾಗ ತಗಡಿನ ಅಂಚು ಕಾಗದದೊಳಗೆ ಇಳಿಯುತ್ತದೆ. ಟಾರ್ಚನ್ನು ಮೇಲಿಂದ ಬಿಡಬೇಡಿ. ಹಾಳೆಯ ಪಕ್ಕಕ್ಕೆ ಮಲಗಿಸಿ ಬಿಡಿ, ಆಗ ತಗ್ಗು ಚೆನ್ನಾಗಿ ಕಾಣುತ್ತದೆ.

ಈ ಕೆತ್ತನೆಯ ಕೆಲಸವನ್ನು ಸ್ವಲ್ಪ ನೆನೆಸಿಕೊಳ್ಳಿ. ತಾಮ್ರದ ಮೇಲೆ ಕೆತ್ತುವುದು ನಮಗೇನು ಹೊಸದಲ್ಲ, ಕದಂಬರ ಕಾಲದಿಂದ ತಾಮ್ರಶಾಸನ ಬರೆಸಿದವರು ನಾವು. ಆದರೆ ನಮ್ಮ ಕೆತ್ತನೆಗಾರ ಅಕ್ಷರವನ್ನು ನೇರವಾಗಿ ಕೆತ್ತಿದ, ಓದುವುದು ತಗಡನ್ನೇ. ಇವರು ಎಲ್ಲವನ್ನೂ ಉಲ್ಟಾ ಕೆತ್ತಬೇಕು: ನದಿ, ಕೋಟೆ, ಊರಿನ ಹೆಸರು, ಎಲ್ಲ. ಆಮೇಲೆ ಕೆತ್ತಿದ ಗೀರುಗಳಿಗೆ ಮಸಿ ತುಂಬಿ, ಮೇಲಿನ ಮಸಿ ಒರೆಸಿ, ಒತ್ತಬೇಕು. ಕಾಗದ ಗೀರಿನೊಳಗಿಂದ ಮಸಿಯನ್ನು ಎತ್ತಿಕೊಂಡು ಬರುತ್ತದೆ. ಹಾಗಾಗಿ ಮಸಿ ಕಾಗದದ ಮೇಲೆ ಕೂದಲೆಳೆಯಷ್ಟು ಉಬ್ಬಿರುತ್ತದೆ. ಮದುವೆ ಕಾಗದದ ಉಬ್ಬಕ್ಷರದಷ್ಟಲ್ಲ, ಅದಕ್ಕಿಂತ ಎಷ್ಟೋ ಸಣ್ಣದು.

ಈಗ ಲೂಪ್ ಕಣ್ಣಿಗೆ ಹಿಡಿಯಿರಿ. ಅಸಲಿಯಾದರೆ ಗೆರೆ ಗೆರೆಯಾಗಿಯೇ ಕಾಣುತ್ತದೆ. ತೆಳ್ಳಗೆ ಶುರುವಾಗಿ, ನಡುವೆ ದಪ್ಪವಾಗಿ, ಕೊನೆಗೆ ಮೊನಚಾಗಿ ಮುಗಿಯುತ್ತದೆ. ಉಳಿಯನ್ನು ಒಳಗೆ ತಳ್ಳಿ, ಎತ್ತಿದ ಕೈಯ ಗುರುತು ಅದು. ನನ್ನ ಕಲ್ಲಿಕೋಟೆಯನ್ನು ನೋಡಿದಾಗ ಏನಿತ್ತು ಗೊತ್ತಾ? ಹಡಗಿನ ಹಗ್ಗದಲ್ಲಿ ಚುಕ್ಕಿಗಳು. ನೀಲಿ, ಗುಲಾಬಿ, ಹಳದಿ ಚುಕ್ಕಿಗಳು ಸಾಲಾಗಿ ನಿಂತಿದ್ದವು, ಪೇಪರಿನ ಸಿನಿಮಾ ಪುರವಣಿಯಲ್ಲಿ ಇರುವ ಹಾಗೆ. ಆಫ್‌ಸೆಟ್ ಪ್ರಿಂಟು. 12,000 ರೂಪಾಯಿ.

ಒಂದು ಎಚ್ಚರಿಕೆ ಇದೆ. ಎಲ್ಲ ಚುಕ್ಕಿಯೂ ಮೋಸದ ಚುಕ್ಕಿಯಲ್ಲ. 18ನೇ ಶತಮಾನದ ಕೊನೆಯ ಹೊತ್ತಿಗೆ ಅಕ್ವಾಟಿಂಟ್ ಅನ್ನುವ ಇನ್ನೊಂದು ವಿಧಾನ ಚಾಲ್ತಿಗೆ ಬಂತು. ಅದರಲ್ಲಿ ಆಕಾಶ, ನೆರಳು ಎಲ್ಲ ಕಾಳು ಕಾಳಾಗಿ ಕಾಣುತ್ತವೆ, ಬೇಸಿಗೆಯಲ್ಲಿ ಬಿರಿದ ಕೆರೆಯ ಮಣ್ಣಿನ ಹಾಗೆ. ಆ ಕಾಳುಗಳಿಗೆ ಸಾಲು ಇಲ್ಲ, ಅಳತೆ ಇಲ್ಲ. ಆಫ್‌ಸೆಟ್ ಚುಕ್ಕಿ ಡ್ರಿಲ್ ಮಾಡುವ ಪೊಲೀಸರ ಹಾಗೆ ಸಾಲು ತಪ್ಪುವುದಿಲ್ಲ.

ನಮ್ಮ ಕಡೆಯ ನೋಟಗಳನ್ನು ಹುಡುಕುವವರಿಗೆ ಇದು ಬೇಕಾಗುತ್ತದೆ. ಕಾರ್ನ್‌ವಾಲಿಸ್ ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್ ಬರೆದ ಮೈಸೂರು ಸೀಮೆಯ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ನಕ್ಷೆಗಳ ಸಮೇತ ಪುಸ್ತಕವಾಗಿ ಬಂದವು. ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣ ಎಲ್ಲ ಅದರಲ್ಲಿವೆ. ಅವು ಗೆರೆಯ ಕೆತ್ತನೆ. 1805ರ ಜೇಮ್ಸ್ ಹಂಟರ್‌ನ ಮೈಸೂರು ಚಿತ್ರಗಳು ಅಕ್ವಾಟಿಂಟ್. ಎರಡನ್ನೂ ಒಂದೇ ಕಣ್ಣಿನಿಂದ ನೋಡಿದರೆ ಅಸಲಿಯನ್ನೇ ನಕಲಿ ಅಂದುಬಿಡುತ್ತೀರಿ.

ಇನ್ನೊಂದು ಮಾತು. ತಗಡಿನ ಅಂಚಿನ ಗುರುತನ್ನೂ ನಕಲು ಮಾಡಬಹುದು, ಗೆರೆಗಾಗದವನ್ನೂ ತರಿಸಬಹುದು, ಟೀ ಡಿಕಾಕ್ಷನ್ ಸವರಿ ಹಳದಿ ಮಾಡುವವರೂ ಇದ್ದಾರೆ. ಯಾವುದೋ ಒಂದು ಗುರುತು ಸಿಕ್ಕಿತು ಅಂತ ದುಡ್ಡು ತೆಗೆಯಬೇಡಿ. ಬೆನ್ನು, ಬೆಳಕು, ಲೂಪ್ ಮೂರೂ ಒಂದೇ ಮಾತು ಹೇಳಬೇಕು.

ಹೆಜ್ಜೆ 6: ಗ್ರಂಥಾಲಯದ ಪ್ರತಿಯ ಜೊತೆ ತಾಳೆ ನೋಡಿ

ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಈ ಪುಸ್ತಕವನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲೂ ಸಿಗುತ್ತದೆ. ನಿಮ್ಮ ಹಾಳೆಯನ್ನು ಪಕ್ಕದಲ್ಲಿಟ್ಟು ಮೂಲೆ ಮೂಲೆ ಹೋಲಿಸಿ. ತಗಡನ್ನು ಆಗಾಗ ತಿದ್ದುತ್ತಿದ್ದರು, ಆ ತಿದ್ದುಪಡಿಗಳೇ ವಯಸ್ಸು ಹೇಳುತ್ತವೆ. ಲಂಡನ್ ಚಿತ್ರದ ಮೊದಲ ಅಚ್ಚಿನಲ್ಲಿ ರಾಯಲ್ ಎಕ್ಸ್‌ಚೇಂಜ್ ಕಟ್ಟಡ ಇಲ್ಲ. ಆಮೇಲಿನ ಅಚ್ಚುಗಳಲ್ಲಿ ಅದನ್ನು ಸೇರಿಸಿದರು. ಅದು ಇದೆಯೋ ಇಲ್ಲವೋ ಅನ್ನುವುದರ ಮೇಲೆ ಬೆಲೆಯೂ ಬದಲಾಗುತ್ತದೆ.

ಹೆಜ್ಜೆ 7: ಚಿತ್ರ ಓದಿ, ಆದರೆ ಪೂರ್ತಿ ನಂಬಬೇಡಿ

ಈ ಹೆಜ್ಜೆಗೆ ದುಡ್ಡು ಬೇಕಿಲ್ಲ. ಸ್ಕ್ಯಾನ್ ಪ್ರತಿ ಇಟ್ಟುಕೊಂಡೇ ಮಾಡಬಹುದು. ನನ್ನ ಎಷ್ಟೋ ಭಾನುವಾರಗಳು ಇದರಲ್ಲೇ ಹೋಗಿವೆ.

ಮೊದಲು ಕೋನ ನೋಡಿ. ಊರನ್ನು ಪಕ್ಕದಿಂದ ನೋಡಿ ಬರೆದದ್ದಾ, ಹಕ್ಕಿ ನೋಡುವ ಹಾಗೆ ಮೇಲಿನಿಂದಲಾ, ಅಥವಾ ನೇರ ನಕ್ಷೆಯಾ? ಒಂದೇ ಪುಸ್ತಕದಲ್ಲಿ ಮೂರೂ ಇವೆ. ಆಗ ವಿಮಾನ ಇರಲಿಲ್ಲ, ಅಷ್ಟು ಎತ್ತರದ ಬೆಟ್ಟ ಎಲ್ಲ ಊರಿಗೂ ಇರಲಿಲ್ಲ. ಬೀದಿ ಅಳೆದು, ಗೋಪುರ ಹತ್ತಿ, ಉಳಿದದ್ದನ್ನು ಮನಸ್ಸಿನಲ್ಲೇ ಜೋಡಿಸಿ ಬರೆದದ್ದು.

ಆಮೇಲೆ ಇಸವಿಯನ್ನು ಕೆಣಕಿ. ಅದೇ ಲಂಡನ್ ಚಿತ್ರದಲ್ಲಿ ಸೇಂಟ್ ಪಾಲ್ಸ್ ಚರ್ಚಿಗೆ ಎತ್ತರದ ಶಿಖರ ಇದೆ. ಆ ಶಿಖರ 1561ರಲ್ಲೇ ಸಿಡಿಲು ಬಡಿದು ಸುಟ್ಟುಹೋಗಿತ್ತು. ಪುಸ್ತಕ ಬಂದದ್ದು 1572ರಲ್ಲಿ. ಅಂದರೆ ಮುಂದಿಟ್ಟುಕೊಂಡು ಕೆತ್ತಿದ ನಕ್ಷೆಯೇ ಹಳೆಯದು. ಅಚ್ಚಾದ ವರ್ಷ ಬೇರೆ, ಊರು ಹಾಗಿದ್ದ ವರ್ಷ ಬೇರೆ.

ಗೋವಾ ಚಿತ್ರ ಇನ್ನೂ ಮಜಾ. ಮೊದಲ ಸಂಪುಟದಲ್ಲಿ ದೀವ್ ಮತ್ತು ಮೊರಾಕೊದ ಎರಡು ಊರುಗಳ ಜೊತೆ ಒಂದೇ ಹಾಳೆಯಲ್ಲಿ ಗೋವಾ ಇದೆ. ಅದರ ಲ್ಯಾಟಿನ್ ತಲೆಬರಹದಲ್ಲಿ ಗೋವಾ ಕ್ರೈಸ್ತರ ವಶವಾದದ್ದು 1509 ಅಂತ ಕೆತ್ತಿದ್ದಾರೆ. ನಿಜಕ್ಕೆ ಅದು 1510. ಬಿಜಾಪುರದ ಆದಿಲ್‌ಶಾಹಿ ಕೈಯಲ್ಲಿದ್ದ ಊರನ್ನು ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಆ ವರ್ಷದ ಆರಂಭದಲ್ಲಿ ಹಿಡಿದ, ಕಳೆದುಕೊಂಡ, ನವೆಂಬರ್ 25ಕ್ಕೆ ಮತ್ತೆ ಹಿಡಿದ. ಅವನಿಗೆ ದಾರಿ ತೋರಿಸಿದವರಲ್ಲಿ ಪೋರ್ಚುಗೀಸರು ತಿಮೋಜಾ ಅಂತ ಕರೆದ ಹೊನ್ನಾವರ ಕಡೆಯ ತಿಮ್ಮಯ್ಯನೂ ಇದ್ದ. ಆ ಕಥೆಯ ಒಂದು ತುಂಡೂ ಚಿತ್ರದಲ್ಲಿಲ್ಲ. ಕೊಲೋನಿನಲ್ಲಿ ಕೂತವರಿಗೆ ಹೊನ್ನಾವರ ಎಲ್ಲಿ ಗೊತ್ತಿರಬೇಕು?

ನನ್ನ ಕಲ್ಲಿಕೋಟೆಗೂ ಅದೇ ಗತಿ. ಹಡಗುಗಳಲ್ಲಿ ನಾಲ್ಕಾರು ಬಗೆ, ದೋಣಿ, ಬಲೆ, ಹಡಗು ಕಟ್ಟುವ ಕೆಲಸ, ಎಲ್ಲ ಗಮನವಿಟ್ಟು ಬರೆದಿದ್ದಾರೆ. ವ್ಯಾಪಾರಕ್ಕೆ ಬಂದವರ ಕಣ್ಣು ಎಲ್ಲಿರುತ್ತದೋ ಅಲ್ಲಿಗೆ ವಿವರ ಜಾಸ್ತಿ. ಹಿಂದಿನ ಗುಡ್ಡಗಳು ಮಾತ್ರ ಬೋಳು ಬೋಳು, ಒರಟು, ಮನೆಗಳೂ ವಿರಳ. ಮಲಬಾರಿನ ಮಳೆ ಕಂಡವರು ಯಾರೂ ಹಾಗೆ ಬರೆಯುವುದಿಲ್ಲ, ಅಲ್ವಾ?

ಕೊನೆಗೆ, ಚಿತ್ರದ ಮುಂದೆ ನಿಂತಿರುವ ಜನರನ್ನು ನೋಡಿ. ಎಷ್ಟೋ ನೋಟಗಳಲ್ಲಿ ಆ ಊರಿನ ಉಡುಪು ತೊಟ್ಟ ಗಂಡಸರು, ಹೆಂಗಸರು ನಿಂತಿರುತ್ತಾರೆ. ಅಂದಕ್ಕೆ ಅಂದುಕೊಂಡಿದ್ದೆ. ಬ್ರೌನ್ ಮುನ್ನುಡಿಯಲ್ಲಿ ಬೇರೆಯೇ ಕಾರಣ ಕೊಡುತ್ತಾನೆ: ತುರ್ಕರ ಧರ್ಮ ಮನುಷ್ಯರ ಚಿತ್ರ ಒಪ್ಪುವುದಿಲ್ಲ, ಹಾಗಾಗಿ ಅವರು ಈ ನಕ್ಷೆಗಳನ್ನು ಯುದ್ಧಕ್ಕೆ ಬಳಸಲಾರರು ಅಂತ! ಅದೇ ತುರ್ಕರ ಆಟೊಮನ್ ದರ್ಬಾರಿನ ಕಲಾವಿದರೇ ಧಾರಾಳವಾಗಿ ಮನುಷ್ಯರ ಚಿತ್ರ ಬರೆಯುತ್ತಿದ್ದರು ಅನ್ನುವುದು ಪಾಪ ಅವನಿಗೆ ತಿಳಿದಿರಲಿಲ್ಲವೇನೋ.

ಹೆಜ್ಜೆ 8: ಕೊಳ್ಳುವ ಮುಂಚೆ

ಎಲ್ಲಿಂದ ಬಂತು ಅಂತ ಕೇಳಿ, ಉತ್ತರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ: ಪುಸ್ತಕದ ಹೆಸರು, ಆವೃತ್ತಿ, ಬಣ್ಣ ಹಳೆಯದೋ ಹೊಸದೋ. 2005ರಲ್ಲಿ ಅಮೆರಿಕದ ಒಬ್ಬ ನಕ್ಷೆ ವ್ಯಾಪಾರಿ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಿಕ್ಕಿಬಿದ್ದ. ಸುಳಿವು ಕೊಟ್ಟದ್ದು ನೆಲಕ್ಕೆ ಬಿದ್ದ ಒಂದು ಬ್ಲೇಡು. ಹಲವು ಗ್ರಂಥಾಲಯಗಳಿಂದ 97 ನಕ್ಷೆ ಕದ್ದದ್ದಾಗಿ ಆಮೇಲೆ ಒಪ್ಪಿಕೊಂಡ. ಅಂಚಿನಲ್ಲಿ ಮೊಹರು ಉಜ್ಜಿದ ಗುರುತು, ಒಂದು ಬದಿ ಮಾತ್ರ ಹೊಸದಾಗಿ ಕತ್ತರಿಸಿದ ಹಾಗೆ ಕಂಡರೆ ಬಿಟ್ಟುಬಿಡಿ.

ಇಡೀ ಸಂಪುಟ ಸಿಕ್ಕರೆ ಹಾಳೆ ಹಾಳೆ ಎಣಿಸಿ, ಸೂಚಿಯ ಜೊತೆ ತಾಳೆ ನೋಡಿ. ಬಿಡಿ ಹಾಳೆ ಮಾರಿದರೆ ದುಡ್ಡು ಜಾಸ್ತಿ ಅಂತ ಪುಸ್ತಕ ಹರಿದವರಿಗೆ ಲೆಕ್ಕವಿಲ್ಲ. ಹಿಂದೆಂದೋ ಹರಿದದ್ದನ್ನು ಕೊಳ್ಳಲು ನನಗೆ ಅಡ್ಡಿಯಿಲ್ಲ. ಇವತ್ತು ಹರಿದು ಮಾರುವವರಿಂದ ನಾನು ಕೊಳ್ಳುವುದಿಲ್ಲ.

ಜೇಬು ಸಣ್ಣದಿದ್ದರೆ ಲಂಡನ್, ಜೆರುಸಲೇಂ ಹಿಂದೆ ಹೋಗಬೇಡಿ. ಹೆಸರು ಕೇಳಿರದ ಜರ್ಮನ್ ಪೇಟೆಗಳ ಹಾಳೆ ಎಷ್ಟೋ ಅಗ್ಗ. ಕಾಗದ ಅದೇ, ಉಳಿಯೂ ಅದೇ. ನನ್ನ ಮೊದಲ ಅಸಲಿ ಹಾಳೆ ಅಂಥದ್ದೇ ಒಂದು ಊರಿನದು.

ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಎಷ್ಟಾಗುತ್ತದೆ ಅಂತ ಮೊದಲೇ ವಿಚಾರಿಸಿ. ಹೊರಗೆ ಒಯ್ಯುವುದು ಬೇರೆ ಕಥೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಭಾರತದಿಂದ ಹೊರಗೆ ಸಾಗಿಸುವಂತಿಲ್ಲ. ರಜೆಗೆ ಊರಿಗೆ ಬಂದು, ಅಜ್ಜನ ಮನೆಯ ಹಳೆಯ ಚಿತ್ರ ಸೂಟ್‌ಕೇಸಿಗೆ ಹಾಕಿಕೊಳ್ಳುವ ಮೊದಲು ಪುರಾತತ್ವ ಇಲಾಖೆಯಲ್ಲಿ ಕೇಳಿ.

ಹೆಜ್ಜೆ 9: ಮನೆಗೆ ತಂದ ಮೇಲೆ

ಮೂರು ಕೆಲಸ ಯಾವತ್ತೂ ಮಾಡಬೇಡಿ: ಸೆಲ್ಲೋಟೇಪ್ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು, ಫೆವಿಕಾಲ್ ಹಾಕಿ ರಟ್ಟಿಗೆ ಅಂಟಿಸುವುದು. ಹರಿದಿದ್ದರೆ ಹರಿದ ಹಾಗೇ ಇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಕಾಪಾಡುವ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇದೆ, ಅಂಥ ಕಡೆ ಕೇಳಿ.

ಆಮ್ಲವಿಲ್ಲದ ಕಾಗದದ ಫೋಲ್ಡರ್ ಒಳಗೆ, ಚಪ್ಪಟೆಯಾಗಿ, ಮಲಗಿಸಿ ಇಡಿ. ಸುತ್ತಿ ಕೊಳವೆಯಲ್ಲಿ ಇಡಬೇಡಿ. ತೇವಾಂಶ ಶೇಕಡ 45ರಿಂದ 55ರ ಒಳಗೆ ಇರಬೇಕು ಅನ್ನುತ್ತಾರೆ. ಮಂಗಳೂರು, ಕಾರವಾರದ ಜುಲೈನಲ್ಲಿ ಅದು ಆಗದ ಮಾತು. ಹಾಗಾಗಿ ಹೊರಗೋಡೆಗೆ ತಾಗಿದ ಬೀರು ಬೇಡ, ನೆಲದ ಹತ್ತಿರ ಬೇಡ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಆಗಾಗ ಬದಲಿಸಿ. ಬಿಸಿಲಿದ್ದ ದಿನ ತೆಗೆದು ನೋಡಿ, ಆದರೆ ಬಿಸಿಲಿಗೆ ಹಾಕಬೇಡಿ. ಓಲೆಗರಿ ಕಟ್ಟಿಗೆ ಬೇವಿನ ಎಲೆ, ಬಜೆ ಇಡುತ್ತಿದ್ದ ನಮ್ಮ ಹಿರಿಯರ ಉಪಾಯ ಒಳ್ಳೆಯದೇ. ಎಲೆ ನೇರ ಕಾಗದಕ್ಕೆ ತಾಗಿದರೆ ಮಾತ್ರ ಕಲೆ ಬೀಳುತ್ತದೆ. ಬಟ್ಟೆಯಲ್ಲಿ ಕಟ್ಟಿ ಬೀರುವಿನ ಮೂಲೆಗೆ ಇಡಿ.

ಗೋಡೆಗೆ ಹಾಕಲೇಬೇಕು ಅಂದರೆ ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ದಪ್ಪ ಮೌಂಟ್, ಅಂದರೆ ಚಿತ್ರದ ಸುತ್ತ ರಟ್ಟಿನ ಚೌಕಟ್ಟು, ಹಾಕಿಸಿ. ನನ್ನ ಹಾಳೆಗೆ ಬೂಷ್ಟು ಹಿಡಿದದ್ದು ಗಾಜು ತಾಗಿಯೇ. ಕಿಟಕಿಯ ಎದುರುಗೋಡೆ ಬೇಡ, ಹಳೆಯ ಬಣ್ಣ ಬಿಸಿಲಿಗೆ ಹಾರಿಹೋಗುತ್ತದೆ. ಇದೆಲ್ಲಕ್ಕಿಂತ ಸುಲಭದ ದಾರಿ, ಅಸಲಿಯನ್ನು ಪೆಟ್ಟಿಗೆಯಲ್ಲಿಟ್ಟು ಗೋಡೆಗೆ ನಕಲು ಹಾಕುವುದು. ನಮ್ಮ ಹಾಲಿನ ಪೂರ್ವದ ಗೋಡೆಗೆ ದಿನಾ ಸಂಜೆ ಬಿಸಿಲು ನೇರ ಹೊಡೆಯುತ್ತದೆ. ಅಲ್ಲಿಗೆ ಹೊಸ ನಕಲು ಮಾಡಿಸುವ ಖರ್ಚೂ ಬರಲಿಲ್ಲ. ಕಲ್ಲಿಕೋಟೆಯನ್ನು ಒರೆಸಿ, ಅದೇ ತೇಗದ ಫ್ರೇಮಿನಲ್ಲಿ ಮತ್ತೆ ನೇತುಹಾಕಿದೆ.